ಪಿಕ್ಚರ್ ಹೆಂಗೈತೆ?

ಟಾಕೀಸಿನ ಬುಕಿಂಗ್ ಕೌಂಟರಿನಲ್ಲಿ ಕೂರುವವನಿಗೆ ಎರಡು ವಿದ್ಯೆ ಬರಬೇಕು. ಒಂದು, ಚಿಲ್ಲರೆ ಎಣಿಸುವುದು. ಇನ್ನೊಂದು, ‘ಪಿಕ್ಚರ್ ಹೆಂಗೈತಣ್ಣೋ?’ ಅಂತ ಕೇಳಿದವರಿಗೆ, ಹಿಂದೆ ನಿಂತವರು ಗೊಣಗುವುದರೊಳಗೆ ಉತ್ತರ ಕೊಡುವುದು. ರಾಮನಗರದಲ್ಲಿ ಇವೆರಡನ್ನೂ ಮಾಡಿಕೊಂಡು ಸಂಸಾರ ಸಾಗಿಸಿದವನು ನಾನು. ಟಾಕೀಸು ಈಗಿಲ್ಲ. ಪ್ರಶ್ನೆ ಮಾತ್ರ ಬಿಟ್ಟಿಲ್ಲ. ಕೆಂಗೇರಿಯಲ್ಲಿರುವ ಮಗಳು ಶನಿವಾರ ಸಂಜೆ ಫೋನು ಮಾಡುತ್ತಾಳೆ: ‘ಅಪ್ಪ, ಇವತ್ತು ಯಾವ್ದು ನೋಡ್ಲಿ?’ ಅವಳ ಮೊಬೈಲಿನಲ್ಲಿ ನಕ್ಷತ್ರ, ಶೇಕಡಾ, ಹತ್ತಕ್ಕೆ ಇಷ್ಟು ಅನ್ನುವ ಅಂಕ ಎಲ್ಲವೂ ಇವೆ. ಆದರೂ ಕೇಳುವುದು ನನ್ನನ್ನು.

ಕೌಂಟರಿನ ಕಿಂಡಿ ಬಲು ಸಣ್ಣದು. ಅದರಲ್ಲಿ ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ. ನಾನು ಕೈ ನೋಡಿ ಉತ್ತರ ಹೇಳಲು ಕಲಿತೆ. ಬೆರಳ ತುದಿ ಬಿಳಿಚಿಕೊಂಡು ಸುಕ್ಕುಗಟ್ಟಿದ್ದರೆ ಅದು ರೀಲಿಂಗ್ ಕೆಲಸದವರ ಕೈ. ಬಿಸಿನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿ ಎಳೆ ತೆಗೆದು ಬಂದವರು. ದಿನವಿಡೀ ನಿಂತು ದಣಿದವರಿಗೆ ಕೂತು ನಗಬೇಕು, ಇಲ್ಲವೇ ಫೈಟಿಂಗ್ ಬೇಕು. ಉಗುರಿನ ಸಂದಿಯಲ್ಲಿ ಕೆಂಪು, ಹಳದಿ ಅರಗು ಮೆತ್ತಿಕೊಂಡಿದ್ದರೆ ಚನ್ನಪಟ್ಟಣದ ಗೊಂಬೆ ಕೆಲಸದವರು. ಅವರ ಊರಲ್ಲೂ ಟಾಕೀಸಿತ್ತು, ಆದರೆ ಅಲ್ಲಿ ಎತ್ತಂಗಡಿಯಾದ ಪಿಕ್ಚರ್ ಇಲ್ಲಿ ಓಡುತ್ತಿದ್ದರೆ ರೈಲೋ ಬಸ್ಸೋ ಹತ್ತಿ ಬರುತ್ತಿದ್ದರು. ಅಷ್ಟು ದೂರ ಬಂದವರಿಗೆ ಮೋಸವಾಗಬಾರದು. ಬಳೆ ತುಂಬಿದ ಕೈ, ಪಕ್ಕದಲ್ಲಿ ಇನ್ನೊಂದು ಪುಟ್ಟ ಕೈ ಕಿಂಡಿಯ ಕಟ್ಟೆ ಹಿಡಿದಿದ್ದರೆ ಉತ್ತರವೇ ಬೇರೆ: ‘ಅಕ್ಕ, ಗುಂಡಿನ ಸದ್ದು ಬಾಳ ಐತೆ, ಕೂಸು ಬೆಚ್ಚಿಬೀಳ್ತದೆ. ಶುಕ್ರವಾರ ಬೇರೆ ಪಿಕ್ಚರ್ ಬರ್ತೈತೆ, ಆಗ ಬನ್ನಿ.’

ಒಂದೇ ಪಿಕ್ಚರಿಗೆ ಹೀಗೆ ನಾಲ್ಕಾರು ಉತ್ತರ ಕೊಟ್ಟಿದ್ದೇನೆ. ಯಾವುದೂ ಸುಳ್ಳಲ್ಲ. ‘ಫಸ್ಟಾಫ್ ಓಡ್ತದೆ, ಇಂಟರ್‌ವಲ್ ಆದ್ಮೇಲೆ ಸ್ವಲ್ಪ ತಡ್ಕೋ’ ಎಂದು ಹುಡುಗನಿಗೆ ಹೇಳಿದ್ದನ್ನೇ ಅವನ ಅಜ್ಜಿಗೆ ‘ಇಂಟರ್‌ವಲ್ ಆದ್ಮೇಲೆ ಚೆಂದಾಗೈತೆ ಕಣವ್ವ, ಅಳಿಸ್ತಾರೆ’ ಎಂದು ಹೇಳುತ್ತಿದ್ದೆ.

ಟಾಕೀಸಿನ ಮಾಲೀಕನ ಸಂಬಳ ತಿನ್ನುವವನು ಪಿಕ್ಚರ್ ತೋಪು ಅಂತ ಹೇಳೋದುಂಟಾ ಅಂತ ನೀವು ಕೇಳಬಹುದು. ಹೇಳಲೇಬೇಕಿತ್ತು, ಯಾಕೆಂದರೆ ನಮ್ಮದು ಚಿಕ್ಕ ಊರು. ಇವತ್ತು ಸುಳ್ಳು ಹೇಳಿ ಟಿಕೆಟ್ ಹರಿದರೆ ಮುಂದಿನ ವಾರ ಅದೇ ಕೈ ಬರುವುದಿಲ್ಲ. ಬಂದರೂ ಸಂತೆಯಲ್ಲಿ ಎದುರು ಸಿಕ್ಕಿ ನಾಲ್ಕು ಜನರ ಮುಂದೆ ಮಾನ ತೆಗೆಯುತ್ತದೆ. ಬೆಂಗಳೂರಿನ ಮೆಜೆಸ್ಟಿಕ್ಕಿನ ಕೌಂಟರಿನವನಿಗೆ ಈ ಭಯವಿಲ್ಲ, ಅವನ ಗಿರಾಕಿ ನಾಳೆ ಯಾರೋ ಏನೋ. ಚಲನಚಿತ್ರಕ್ಕೆ ಅಂಕ ಕೊಡುವವರ ವಿಷಯದಲ್ಲಿ ನಾನು ಮೊದಲು ನೋಡುವುದು ಇದನ್ನೇ: ತಪ್ಪು ಹೇಳಿದರೆ ಈತನಿಗೆ ನಾಳೆ ಏನಾದರೂ ನಷ್ಟವಿದೆಯೇ?

ಆಗ ಹೊಸ ಪಿಕ್ಚರಿನ ಪ್ರಿಂಟು ಮೊದಲು ಬೆಂಗಳೂರಿನ ಟಾಕೀಸುಗಳಿಗೆ ಹೋಗುತ್ತಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗೆ ಬರುವುದು ವಾರಗಳು ಕಳೆದ ಮೇಲೆ. ರೀಲಿನ ಪೆಟ್ಟಿಗೆಗಿಂತ ಮುಂಚೆ ಬರುತ್ತಿದ್ದದ್ದು ‘ರಿಪೋರ್ಟ್’. ಬಸ್ಸಿನ ಕಂಡಕ್ಟರ್, ಬೆಂಗಳೂರಿಗೆ ರೇಷ್ಮೆ ನೂಲು ಸಾಗಿಸುವವರು, ದಿನಾ ರೈಲಿನಲ್ಲಿ ಕಾಲೇಜಿಗೆ ಹೋಗುವ ಹುಡುಗರು ಅದನ್ನು ತರುತ್ತಿದ್ದರು. ‘ರಿಪೋರ್ಟ್ ಹೆಂಗೈತೆ?’ ಅಂದರೆ ಅಲ್ಲಿ ಜನ ಹೇಗೆ ಬರುತ್ತಿದ್ದಾರೆ ಅಂತ. ಅದರ ಮೇಲೆ ಮಾಲೀಕರು ಪಿಕ್ಚರ್ ಹಾಕಬೇಕೋ ಬೇಡವೋ ತೀರ್ಮಾನಿಸುತ್ತಿದ್ದರು. ‘ರೂಪತಾರಾ’, ‘ವಿಜಯಚಿತ್ರ’ ಓದುವ ಚಟ ಇದ್ದವರು ಬೇರೆಯೇ ಇದ್ದರು. ಪತ್ರಿಕೆಯ ಜಾಹೀರಾತನ್ನೇ ಓದಿ ರಿಪೋರ್ಟ್ ಹೇಳುವ ಘಟಾನುಘಟಿಗಳೂ ಇದ್ದರು. ‘ಮಹಿಳೆಯರು ಮೆಚ್ಚಿದ ಚಿತ್ರ’ ಎಂದು ಹಾಕಿದರೆ ಗಾಂಧಿ ಕ್ಲಾಸು ಖಾಲಿ ಅಂತ ಅರ್ಥ. ‘ಇನ್ನು ಕೆಲವೇ ದಿನಗಳು’ ಎಂದರೆ ಗುರುವಾರ ರಾತ್ರಿಗೆ ಎತ್ತಂಗಡಿ.

ರಿಪೋರ್ಟ್ ವಿಷಯದಲ್ಲಿ ದೇಶಕ್ಕೇ ಪಾಠ ಹೇಳಿದ ಪಿಕ್ಚರ್ ಹುಟ್ಟಿದ್ದು ನಮ್ಮೂರ ರಾಮದೇವರ ಬೆಟ್ಟದ ಬುಡದಲ್ಲಿ. 1973ರ ಅಕ್ಟೋಬರಿನಲ್ಲಿ ನಿರ್ದೇಶಕ ರಮೇಶ್ ಸಿಪ್ಪಿಯವರ ತಂಡ ‘ಶೋಲೆ’ ತೆಗೆಯಲು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹೆದ್ದಾರಿಯಿಂದ ಬೆಟ್ಟದವರೆಗೆ ರಸ್ತೆ ಮಾಡಿದರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬಂಡೆಗಳ ನಡುವೆ ರಾಮ್‌ಗಢ ಎಂಬ ಇಡೀ ಹಳ್ಳಿಯನ್ನೇ ಕಟ್ಟಿದರು. ಶೂಟಿಂಗ್ ಮುಗಿದ ಮೇಲೂ ಆ ಜಾಗವನ್ನು ಬಹಳ ಕಾಲ ಸಿಪ್ಪಿನಗರ ಅಂತಲೇ ಕರೆಯುತ್ತಿದ್ದರು. ಕ್ಯಾಮೆರಾ ದ್ವಾರಕಾ ದಿವೇಚಾ ಅವರದು. ನಮ್ಮ ಬಂಡೆಗಳು ಅಷ್ಟು ಗಂಭೀರವಾಗಿವೆ ಅಂತ ಊರಿನವರಾದ ನಮಗೇ ಗೊತ್ತಿರಲಿಲ್ಲ. (ರೈಲು ದರೋಡೆಯೂ ಇಲ್ಲೇ ನಡೆದದ್ದು ಅಂತ ಇವತ್ತಿಗೂ ನಮ್ಮವರು ನೆಂಟರಿಗೆ ಹೇಳುತ್ತಾರೆ. ಅಲ್ಲ, ಅದನ್ನು ತೆಗೆದದ್ದು ಮುಂಬಯಿ-ಪುಣೆ ರೈಲು ಮಾರ್ಗದಲ್ಲಿ ಪನ್ವೇಲ್ ಹತ್ತಿರ.)

‘ಶೋಲೆ’ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು. ಮೊದಲ ವಾರದ ವಿಮರ್ಶೆಗಳು ಚೆನ್ನಾಗಿರಲಿಲ್ಲ. ವಿದೇಶಿ ಕೌಬಾಯ್ ಚಿತ್ರಗಳ ಅನುಕರಣೆ, ಹಿಂಸೆ ಅತಿ, ಈ ನೆಲದ್ದಲ್ಲದ ಕಥೆ ಎಂದು ಬರೆದರು. ವ್ಯಾಪಾರಿ ಪತ್ರಿಕೆಗಳು ದುಡ್ಡು ಮುಳುಗಿತು ಎಂದವು. ನಿರ್ಮಾಪಕರ ಮನೆಯಲ್ಲಿ ಗಾಬರಿ. ಅಮಿತಾಭ್ ಮಾಡಿದ ಜೈ ಪಾತ್ರ ಸಾಯುವುದೇ ಜನಕ್ಕೆ ಹಿಡಿಸಿಲ್ಲವೇನೋ, ಕ್ಲೈಮ್ಯಾಕ್ಸ್ ಮತ್ತೆ ತೆಗೆದು ಅಮಿತಾಭ್‌ರನ್ನು ಬದುಕಿಸಿಬಿಡೋಣವೇ ಎಂಬವರೆಗೂ ಮಾತು ಹೋಯಿತು. ಸ್ವಲ್ಪ ಕಾಯೋಣ ಎಂದು ನಿಂತರು. ಆಮೇಲಿನದು ಎಲ್ಲರಿಗೂ ಗೊತ್ತು: ಮುಂಬಯಿಯ ಮಿನರ್ವಾ ಒಂದರಲ್ಲೇ ಐದು ವರ್ಷ ಓಡಿತು. ಹಾಡಿಗಿಂತ ಸಂಭಾಷಣೆಯ ರೆಕಾರ್ಡು ಹೆಚ್ಚು ಹೆಸರು ಮಾಡಿತು. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಒಂದು, ಎಂ. ಎಸ್. ಶಿಂಧೆಯವರ ಸಂಕಲನಕ್ಕೆ. ಅತ್ಯುತ್ತಮ ಚಿತ್ರವಾದದ್ದು ‘ದೀವಾರ್’. ಅದನ್ನು ಬರೆದವರೂ ‘ಶೋಲೆ’ ಬರೆದ ಸಲೀಂ-ಜಾವೇದ್ ಅವರೇ ಆದದ್ದರಿಂದ ಅವರಿಗೇನೂ ನಷ್ಟವಿಲ್ಲ ಅನ್ನಿ. 2005ರಲ್ಲಿ ಅದೇ ಫಿಲ್ಮ್‌ಫೇರ್ ‘ಶೋಲೆ’ಯನ್ನು ಐವತ್ತು ವರ್ಷಗಳ ಅತ್ಯುತ್ತಮ ಚಿತ್ರವೆಂದು ಕರೆಯಿತು.

ಇದನ್ನು ಹೇಳಿ ‘ನೋಡಿದಿರಾ, ವಿಮರ್ಶಕರಿಗೆ ಏನೂ ಗೊತ್ತಿಲ್ಲ’ ಎಂದು ಮುಗಿಸುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಆ ವಿಮರ್ಶಕರು ಕಂಡದ್ದೆಲ್ಲ ಸರಿಯಾಗಿಯೇ ಇತ್ತು. ಅದು ಕೌಬಾಯ್ ಚಿತ್ರದ ಅಚ್ಚೇ. ಹಿಂಸೆ ಹೆಚ್ಚೇ, ಸೆನ್ಸಾರಿನವರು ಕೊನೆಯ ದೃಶ್ಯವನ್ನೇ ಬದಲಿಸುವಂತೆ ಮಾಡಿ, ಠಾಕೂರ್ ಡಕಾಯಿತ ಗಬ್ಬರನನ್ನು ಕೊಲ್ಲದಂತೆ ಪೊಲೀಸರನ್ನು ನಡುವೆ ತರಿಸಿದರು, ತುರ್ತುಪರಿಸ್ಥಿತಿಯ ಕಾಲ ಅದು. ಇಂಥ ಹಳ್ಳಿ ಎಲ್ಲಿಯೂ ಇಲ್ಲ ಎಂಬುದೂ ನಿಜ. ಹಳ್ಳಿ ಕಟ್ಟಿದ್ದನ್ನು ನೋಡಿದ ನಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ತಪ್ಪಿದ್ದು ಕೊನೆಯ ಸಾಲು, ‘ಆದ್ದರಿಂದ ನೋಡಬೇಡಿ’ ಎಂಬ ತೀರ್ಪು. ಜನ ಓಡಿ ಬಂದದ್ದು ಆ ಬಂಡೆ, ಆ ಕುದುರೆ, ಆ ಗುಂಡಿನ ಸದ್ದಿಗಾಗಿಯೇ. ಸಣ್ಣ ವಿಮರ್ಶೆ ಓದುವಾಗ ನಾನು ಇವೆರಡನ್ನೂ ಬೇರೆ ಮಾಡಿ ಓದುತ್ತೇನೆ. ಏನಿದೆ ಎಂದು ಹೇಳುವ ಭಾಗವನ್ನು ನಂಬುತ್ತೇನೆ. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾನೇ ನೋಡಿಕೊಳ್ಳುತ್ತೇನೆ.

ಅಂಕದಲ್ಲಿ ಮೊದಲನೆಯ ಭಾಗವೇ ಇರುವುದಿಲ್ಲ, ಬರೀ ತೀರ್ಪು ಇರುತ್ತದೆ. ಅದೇ ಅದರ ಐಬು. ಪಿಕ್ಚರಿಗೆ ನಕ್ಷತ್ರ ಹಾಕುವ ಪದ್ಧತಿ ಹಳೆಯದು. 1928ರ ಜುಲೈ 31ರಂದು ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ಹೆಣ್ಣುಮಗಳು ಮೊದಲು ಹಾಕಿದರು ಎಂದು ದಾಖಲೆಯಿದೆ. ಆ ಮೊದಲ ಪಿಕ್ಚರಿಗೆ ಬಿದ್ದದ್ದು ಒಂದೇ ನಕ್ಷತ್ರ. ರೈಲಿನಲ್ಲಿ ನೇತಾಡಿಕೊಂಡು ಪೇಪರ್ ಓದುವವರಿಗೆ ಒಂದು ನೋಟಕ್ಕೆ ಗೊತ್ತಾಗಲಿ ಎಂಬ ಲೆಕ್ಕ ಇದ್ದೀತು. ನಮ್ಮ ಪತ್ರಿಕೆಗಳಿಗೂ ಬಂತು, ಈಗ ಮೊಬೈಲ್ ತುಂಬ ಅದೇ.

ಬರೀ ಅಂಕ ಯಾಕೆ ಸಾಲದು ಎಂದು ತಿಳಿಯಲು ನಮ್ಮೂರ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬಂದು ನೋಡಿ. ಹರಾಜಿನಲ್ಲಿ ಒಂದು ಲಾಟಿಗೆ ನಿಲ್ಲುವುದೂ ಕೆಜಿಗೆ ಇಷ್ಟು ಎಂಬ ಒಂದೇ ಅಂಕಿ. ಆದರೆ ಆ ಅಂಕಿಗೆ ಮುಂಚೆ ರೀಲರ್ ಗೂಡನ್ನು ಹಿಡಿ ತುಂಬ ಎತ್ತುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಬೆರಳಲ್ಲಿ ಒತ್ತುತ್ತಾನೆ, ಕಲೆ ಎಷ್ಟು, ಜೋಡಿ ಗೂಡು ಎಷ್ಟು ಎಂದು ಕಣ್ಣಾಡಿಸುತ್ತಾನೆ. ತನ್ನ ಮನೆಯಲ್ಲಿರುವುದು ಚರಕವೋ ದೊಡ್ಡ ಯಂತ್ರವೋ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಹೇಳುತ್ತಾನೆ. ಒಬ್ಬನಿಗೆ ಒಗ್ಗುವ ಲಾಟು ಪಕ್ಕದವನಿಗೆ ಬೇಡ. ಪಿಕ್ಚರಿನ ಅಂಕ ನೋಡಿ ಟಿಕೆಟ್ ಕೊಳ್ಳುವವನು ಪಕ್ಕದವನು ಹಾಕಿದ ಬೆಲೆ ನೋಡಿ ಗೂಡು ಮುಟ್ಟದೆ ಲಾಟು ಎತ್ತಿಕೊಂಡವನು.

ಅಂಕವನ್ನು ಓದುವುದಕ್ಕೂ ಒಂದು ಕ್ರಮವಿದೆ, ಮೊಮ್ಮಗನ ಜೊತೆ ಕೂತು ಕಲಿತೆ. ಹತ್ತಕ್ಕೆ ಆರು ಅಂತ ಎರಡು ಪಿಕ್ಚರಿಗೆ ಇದೆ ಎನ್ನಿ. ಒಂದಕ್ಕೆ ಎಲ್ಲರೂ ಆರೇ ಕೊಟ್ಟಿದ್ದಾರೆ. ಇನ್ನೊಂದಕ್ಕೆ ಅರ್ಧ ಜನ ಹತ್ತು, ಅರ್ಧ ಜನ ಎರಡು. ಸರಾಸರಿ ಎರಡಕ್ಕೂ ಒಂದೇ. ಮೊದಲನೆಯದು ಯಾರಿಗೂ ಬೇಸರವಾಗದ, ಯಾರಿಗೂ ನೆನಪಿರದ ಪಿಕ್ಚರ್. ಎರಡನೆಯದನ್ನು ಕೆಲವರು ಸಾಯುವವರೆಗೆ ಮರೆಯುವುದಿಲ್ಲ, ಕೆಲವರು ಇಂಟರ್‌ವಲ್‌ಗೇ ಎದ್ದು ಹೋಗಿದ್ದಾರೆ. 1990ರಲ್ಲಿ ಶುರುವಾದ ಐಎಂಡಿಬಿ ಎಂಬ ಸಿನಿಮಾ ತಾಣದಲ್ಲಿ ಅಂಕದ ಮೇಲೆ ಒತ್ತಿದರೆ ಒಂದಕ್ಕೆ ಎಷ್ಟು ಓಟು, ಹತ್ತಕ್ಕೆ ಎಷ್ಟು ಓಟು ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ದೊಡ್ಡದಾಗಿ ಕಾಣುವುದು ಬರೀ ಸರಾಸರಿಯೂ ಅಲ್ಲ. ಒಬ್ಬೊಬ್ಬರ ಓಟಿಗೆ ಒಂದೊಂದು ತೂಕ ಹಾಕಿ ತೆಗೆದ ಲೆಕ್ಕ. ರಾಟನ್ ಟೊಮ್ಯಾಟೋಸ್ ಎಂಬ ಇನ್ನೊಂದು ತಾಣದ ಶೇಕಡಾ ಇನ್ನೂ ಬೇರೆ. ಅಲ್ಲಿ 90 ಎಂದರೆ ನೂರಕ್ಕೆ ತೊಂಬತ್ತು ಅಂಕ ಅಲ್ಲ, ನೂರರಲ್ಲಿ ತೊಂಬತ್ತು ವಿಮರ್ಶಕರು ಒಪ್ಪಿದ್ದಾರೆ ಅಂತ. ತೊಂಬತ್ತು ಜನರೂ ‘ಪರವಾಗಿಲ್ಲ, ಒಂದ್ಸಲ ನೋಡ್ಬೌದು’ ಅಂದಿದ್ದರೂ 90 ಬರುತ್ತದೆ. 60 ಮುಟ್ಟಿದರೆ ಅವರ ಲೆಕ್ಕದಲ್ಲಿ ಟೊಮ್ಯಾಟೋ ತಾಜಾ.

ಆ ಎರಡು ಆರರ ಲೆಕ್ಕದಿಂದ ನನಗೆ ಒಂದು ಉಪಾಯ ಸಿಕ್ಕಿತು. ಕನಕಪುರದ ಕಡೆ ನಮ್ಮ ಬೀಗರ ಮನೆಯಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಎಲ್ಲರೂ ಸೇರುತ್ತಾರೆ. ಬಾಡೂಟ ಮುಗಿಸಿ ಟಿವಿ ಮುಂದೆ ಕೂತರೆ ಶುರುವಾಗುತ್ತದೆ ಜಗಳ. ಮಾವನಿಗೆ ರಾಜಕುಮಾರ್, ಅಳಿಯನಿಗೆ ತೆಲುಗು ಫೈಟಿಂಗ್, ಹೆಣ್ಣುಮಕ್ಕಳಿಗೆ ಅದ್ಯಾವುದೋ ಕೊರಿಯಾದ್ದು. ರಿಮೋಟು ಕೈಯಿಂದ ಕೈಗೆ ಓಡಾಡುತ್ತಲೇ ಕಾಫಿ ಹೊತ್ತಾಗುತ್ತದೆ. ಇಂಥಲ್ಲಿ ಯಾರಿಗೆ ಯಾವುದು ಬಲು ಇಷ್ಟ ಎಂದು ಕೇಳಬಾರದು, ಯಾವುದು ಯಾರಿಗೂ ಕಷ್ಟವಾಗುವುದಿಲ್ಲ ಎಂದು ಕೇಳಬೇಕು. ಎಲ್ಲರೂ ಆರು ಕೊಟ್ಟ ಪಿಕ್ಚರ್ ಆಗ ಸರಿ. ಒಬ್ಬರೇ ಇದ್ದಾಗ ಮಾತ್ರ ಹತ್ತು-ಎರಡರ ಪಿಕ್ಚರಿಗೆ ಕೈ ಹಾಕಿ. ಹತ್ತು ಕೊಟ್ಟವರು ಯಾಕೆ ಕೊಟ್ಟರು, ಎರಡು ಕೊಟ್ಟವರು ಯಾಕೆ ಬೈದರು ಎಂದು ಒಂದೊಂದು ಅಭಿಪ್ರಾಯ ಓದಿ. ಬೈಗುಳ ಓದಿಯೇ ಎಷ್ಟೋ ಒಳ್ಳೆ ಪಿಕ್ಚರ್ ನೋಡಿದ್ದೇನೆ. ‘ನಿಧಾನ, ಹಾಡಿಲ್ಲ, ಬರೀ ಮಾತು’ ಎಂದು ಯಾರೋ ಒಂದು ನಕ್ಷತ್ರ ಕೊಟ್ಟಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ವಯಸ್ಸಾಯಿತು, ನನಗೆ ಈಗ ಅದೇ ಬೇಕು.

ಬಿಡುಗಡೆಯ ದಿನದ ಅಂಕ ಮಾತ್ರ ನೋಡಲೇಬೇಡಿ. ಮೊದಲ ದಿನ ಓಟು ಹಾಕುವವರು ಎರಡೇ ಜಾತಿ: ನಮ್ಮ ಬಾಸಿಗೆ ಹತ್ತು ಅನ್ನುವವರು, ಅವರ ಬಾಸಿಗೆ ಒಂದು ಅನ್ನುವವರು. ಕೆಲವರು ಪಿಕ್ಚರ್ ನೋಡಿಯೂ ಇರುವುದಿಲ್ಲ. ದುಡ್ಡು ಕೊಟ್ಟು ಹೊಗಳಿಸುವುದು, ತೆಗಳಿಸುವುದು ನಡೆಯುತ್ತದೆಂದು ಚಿತ್ರರಂಗದವರೇ ದೂರುತ್ತಾರೆ. ಕೇರಳದಲ್ಲಿ 2023ರಲ್ಲಿ ಇದು ಹೈಕೋರ್ಟಿನ ಮೆಟ್ಟಿಲೇರಿತು. ನಮ್ಮಲ್ಲೂ 2025ರ ಡಿಸೆಂಬರಿನಲ್ಲಿ ‘ದಿ ಡೆವಿಲ್’ ಬಂದಾಗ ಬುಕ್‌ಮೈಶೋದಲ್ಲಿ ಅಂಕ ಇರಬೇಕಾದ ಜಾಗದಲ್ಲಿ ನ್ಯಾಯಾಲಯದ ಆದೇಶದಂತೆ ಅಂಕ, ವಿಮರ್ಶೆ ನಿಲ್ಲಿಸಲಾಗಿದೆ ಎಂಬ ಸಾಲಿತ್ತು. ಕೋಟಿಗಟ್ಟಲೆ ಸುರಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಬಸ್ಸಿನ ಕಂಡಕ್ಟರನ ಬಾಯಿಗೆ ಯಾವ ಕೋರ್ಟು ಬೀಗ ಹಾಕೀತು? ಒಂದು ವಾರ ಕಾಯುವುದೇ ಎಲ್ಲದಕ್ಕಿಂತ ಸುಲಭ. ಬಾಸಿನ ಕಡೆಯವರ ಗಲಾಟೆ ಅಷ್ಟರಲ್ಲಿ ಮುಗಿದು ನಡುವಿನ ಜನ ಬಂದಿರುತ್ತಾರೆ.

ಆ ನಡುವಿನ ಜನವೇ ಎತ್ತಿಹಿಡಿದ ಪಿಕ್ಚರುಗಳು ನಮ್ಮಲ್ಲಿ ಎಷ್ಟೋ ಇವೆ. ‘ಮುಂಗಾರು ಮಳೆ’ 2006ರ ಡಿಸೆಂಬರ್ 29ರಂದು ಬಂತು. ನಾಯಕ ಗಣೇಶ್ ಆಗ ದೊಡ್ಡ ಹೆಸರಲ್ಲ, ಕೊನೆಯಲ್ಲಿ ನಾಯಕಿ ಸಿಗುವುದೂ ಇಲ್ಲ. ಬಾಯಿಂದ ಬಾಯಿಗೆ ಹಬ್ಬಿ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. 2025ರ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ಕೂಡ ಹಾಗೆಯೇ. ಸ್ಟಾರ್ ಇಲ್ಲ, ಕಟೌಟ್ ಇಲ್ಲ. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ತೋರಿಸಿದರು, ನೋಡಿದವರೇ ಪ್ರಚಾರಕರಾದರು. ನಮ್ಮ ಕಾಲದ ರಿಪೋರ್ಟನ್ನು ಅವರು ಬೇಕೆಂದೇ ಹುಟ್ಟಿಸಿದ್ದು ನೋಡಿ ನನಗೆ ಖುಷಿಯಾಯಿತು.

ಇನ್ನೊಂದು ರೇಟಿಂಗ್ ಪ್ರತಿ ಪಿಕ್ಚರಿನ ಮೊದಲ ದೃಶ್ಯಕ್ಕೆ ಮುಂಚೆಯೇ ಪರದೆ ಮೇಲೆ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟು. ಹಿಂದೆ ಯು, ಯುಎ, ಎ ಎಂದಷ್ಟೇ ಇತ್ತು. ವೈದ್ಯರಂಥ ವಿಶೇಷ ವರ್ಗಕ್ಕೆ ಎಸ್ ಎಂಬುದೊಂದಿದೆ, ನಾನು ಒಂದನ್ನೂ ಕಂಡಿಲ್ಲ. 2023ರ ಕಾಯ್ದೆ ತಿದ್ದುಪಡಿ, 2024ರ ನಿಯಮಗಳ ನಂತರ ಯುಎ ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಆ ವಯಸ್ಸಿಗಿಂತ ಚಿಕ್ಕವರಿಗೆ ತೋರಿಸಬಹುದೇ ಎಂದು ಅಪ್ಪ ಅಮ್ಮ ಯೋಚಿಸಿ ತೀರ್ಮಾನಿಸಬೇಕು ಅಂತ ಅದರ ಅರ್ಥ. ‘ಎ’ ಇದ್ದರೆ ಮಾತ್ರ 18 ತುಂಬದವರಿಗೆ ಟಾಕೀಸಿನಲ್ಲಿ ಪ್ರವೇಶವೇ ಇಲ್ಲ. ಪಿಕ್ಚರ್ ಚೆನ್ನಾಗಿದೆಯೇ ಎಂದು ಇದು ಹೇಳುವುದಿಲ್ಲ. ಆದರೆ ಎಷ್ಟು ನಿಮಿಷ, ಯಾವ ವಯಸ್ಸಿಗೆ ಎಂದು ಹೇಳುತ್ತದೆ. ಕೂಸು ಎತ್ತಿಕೊಂಡು ಹೊರಟವರಿಗೆ ನಾಲ್ಕು ನಕ್ಷತ್ರಕ್ಕಿಂತ ಇದು ಮುಖ್ಯ. ಟಿಕೆಟ್ ಆ್ಯಪಿನಲ್ಲಿ ಪಿಕ್ಚರಿನ ಹೆಸರಿನ ಕೆಳಗೇ ಇರುತ್ತದೆ, ನೋಡಿಕೊಳ್ಳಿ.

ಚಿಕ್ಕ ಅಭಿಪ್ರಾಯ ಎಂದರೆ ಹೇಗಿರಬೇಕು? ಕನ್ನಡದಲ್ಲಿ ಇದಕ್ಕಿಂತ ಚಿಕ್ಕದು ಇರಲಾರದು ಎನ್ನುವಂಥದ್ದೊಂದು ಕಾದಂಬರಿಕಾರ ತ. ರಾ. ಸು. ಹೆಸರಿನಲ್ಲಿ ಓಡಾಡುತ್ತದೆ. ಅವರ ಕಾದಂಬರಿಗಳನ್ನಿಟ್ಟುಕೊಂಡು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ಅದನ್ನು ನೋಡಿದ ಲೇಖಕರು, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ. ಒಂದೇ ಹಾವಿನಲ್ಲಿ ಮುಗಿಯಿತು! ಕಾದಂಬರಿಯ ವಿಷ ಇದರಲ್ಲಿಲ್ಲ ಎಂಬ ಮಾಹಿತಿಯೂ ಅದರಲ್ಲಿದೆ. ಕಾದಂಬರಿ ಓದಿ ಬಂದವರಿಗೆ ಅದು ಎಚ್ಚರಿಕೆ. ಓದದೆ ಬಂದವರಿಗೆ ಆ ಕೇರೆಹಾವೇ ಸಾಕಾಯಿತು, ಕುಣಿದಾಡಿದರು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಪರದೆಗೆ ಬಂದದ್ದು ಅದರಿಂದಲೇ.

ನನ್ನ ಕೆಲವು ಉತ್ತರಗಳನ್ನೂ ಹೇಳಿಬಿಡುತ್ತೇನೆ. ಇಲ್ಲಿ ನಿಮ್ಮ ಕೈ ಕಾಣುತ್ತಿಲ್ಲ, ಹಾಗಾಗಿ ಯಾರಿಗೆ ಎಂದು ಬಾಯಿಬಿಟ್ಟೇ ಹೇಳಬೇಕು.

‘ಶೋಲೆ’: ಮೂರು ಗಂಟೆ ಮೀರುತ್ತದೆ, ಒಂದು ನಿಮಿಷವೂ ಎದ್ದು ಹೋಗಲು ಬಿಡುವುದಿಲ್ಲ. ಮೊಬೈಲಿನಲ್ಲಿ ನೋಡಬೇಡಿ, ಬಂಡೆಗಳು ಜಲ್ಲಿಕಲ್ಲಾಗುತ್ತವೆ. ಐವತ್ತು ತುಂಬಿದ 2025ರಲ್ಲಿ ಹೊಸದಾಗಿ ತೊಳೆದು, ಸೆನ್ಸಾರಿಗೆ ಮುಂಚಿನ ಕ್ಲೈಮ್ಯಾಕ್ಸನ್ನು ಸೇರಿಸಿ, ಮೊದಲು ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು. ಡಿಸೆಂಬರಿನಲ್ಲಿ ನಮ್ಮ ಥಿಯೇಟರುಗಳಿಗೂ ಬಂತು. ಆ ಕೊನೆಯೇ ಸರಿ. ಕೈಯಿಲ್ಲದ ಠಾಕೂರ್ ಅಷ್ಟು ವರ್ಷ ಕಾದದ್ದು ಪೊಲೀಸರ ಕೈಗೆ ಕೊಡುವುದಕ್ಕಲ್ಲ. ನೋಡಿ ಮೆಚ್ಚಿದವರು ರಾಮದೇವರ ಬೆಟ್ಟಕ್ಕೆ ಬನ್ನಿ, ಆದರೆ ಕೂಗಾಡಬೇಡಿ. 2012ರಿಂದ ಅದು ರಣಹದ್ದುಗಳ ಧಾಮ, ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಮೇಲೆ ಗೂಡು ಕಟ್ಟುತ್ತವೆ.

‘ಎ ಪ್ಯಾಸೇಜ್ ಟು ಇಂಡಿಯಾ’: 1984ರದು, ಇಂಗ್ಲಿಷು, ಡೇವಿಡ್ ಲೀನ್ ಅವರ ಕೊನೆಯ ಪಿಕ್ಚರ್. ಇದಕ್ಕೆ ಮೂಲವಾದ ಫಾರ್ಸ್ಟರ್ ಕಾದಂಬರಿಯ ಗುಹೆಗಳು ಇರುವುದು ಬಿಹಾರದಲ್ಲಿ. ಆ ಜಾಗ ಲೀನ್ ಅವರಿಗೆ ಹಿಡಿಸಲಿಲ್ಲ. ನಮ್ಮ ಮಾಗಡಿಯ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದರು, ಗುಹೆಯ ಬಾಯಿಗಳನ್ನು ಬಂಡೆಯಲ್ಲಿ ಕೊರೆಸಿದರು. ಹನ್ನೊಂದು ಆಸ್ಕರಿಗೆ ಹೆಸರು ಹೋಗಿ ಎರಡು ಬಂದವು: ಪೆಗಿ ಆ್ಯಶ್‌ಕ್ರಾಫ್ಟ್ ಅವರ ನಟನೆಗೆ, ಮಾರಿಸ್ ಜಾರ್ ಅವರ ಸಂಗೀತಕ್ಕೆ. ನಿಧಾನ ಬಹಳ, ಮಕ್ಕಳು ನಿದ್ದೆ ಹೋಗುತ್ತಾರೆ. ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್‌ಗೆ ಬ್ರಾಹ್ಮಣನ ವೇಷ ಹಾಕಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆದರೆ ಬಿಸಿಲಲ್ಲಿ ಕಾದ ಬಂಡೆಯ ಮುಂದೆ ಮನುಷ್ಯನಿಗೆ ತಲೆ ತಿರುಗುವುದನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿಲ್ಲ. ಮಾಗಡಿಯವರು ಒಮ್ಮೆ ನೋಡಿ.

‘ಬಂಗಾರದ ಮನುಷ್ಯ’: 1972, ಸಿದ್ದಲಿಂಗಯ್ಯ ನಿರ್ದೇಶನ, ಟಿ. ಕೆ. ರಾಮರಾವ್ ಅವರ ಕಾದಂಬರಿ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಮನೆಮಂದಿಯೆಲ್ಲ ಕೂರಬಹುದು. ಜಮೀನು ಮಾರಿ ಸೈಟು ಮಾಡಿಕೊಂಡವರು ನೋಡಿದರೆ ಸ್ವಲ್ಪ ಚುಚ್ಚುತ್ತದೆ. ನಮ್ಮ ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣ ಆಗಿದೆ, ಇನ್ನು ಚುಚ್ಚಿಸಿಕೊಳ್ಳುವವರಿಗೇನೂ ಕಡಿಮೆಯಿಲ್ಲ.

‘ಸು ಫ್ರಮ್ ಸೋ’: ಜೆ. ಪಿ. ತುಮಿನಾಡ್ ನಿರ್ದೇಶನ. ಕರಾವಳಿಯ ಕನ್ನಡ, ಮೊದಲ ಹತ್ತು ನಿಮಿಷ ನಮ್ಮ ಕಡೆಯವರ ಕಿವಿಗೆ ಒಗ್ಗುವುದಿಲ್ಲ, ಆಮೇಲೆ ಮರೆತುಹೋಗುತ್ತದೆ. ದೆವ್ವದ ಪಿಕ್ಚರ್ ಅಂತ ಹೆದರಬೇಡಿ, ಹೆದರಿಸುವುದಕ್ಕಿಂತ ನಗಿಸುವುದೇ ಹೆಚ್ಚು. ಕೊನೆಗೆ ಹೆಣ್ಣೊಬ್ಬಳ ಕಷ್ಟಕ್ಕೆ ಬಂದು ನಿಲ್ಲುತ್ತದೆ.

‘ತಿಥಿ’: ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರಹ. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು, ನಟಿಸಿದವರು ಹಳ್ಳಿಯ ಜನವೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ, ಆಮೇಲೆ ರಾಷ್ಟ್ರಪ್ರಶಸ್ತಿ. ನಮ್ಮ ಥಿಯೇಟರುಗಳಿಗೆ ಬಂದದ್ದು 2016ರ ಮೇ ತಿಂಗಳಲ್ಲಿ. ನೂರೊಂದು ವರ್ಷದ ಅಜ್ಜ ಸತ್ತ ದಿನದಿಂದ ತಿಥಿಯವರೆಗಿನ ಕಥೆ. ಮಗ ಗಡ್ಡಪ್ಪ ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ಬೀಡಿ ಸೇದಿಕೊಂಡು ನಡೆದುಕೊಂಡು ಹೋಗುತ್ತಿರುತ್ತಾನೆ, ಮೊಮ್ಮಗ ಜಮೀನು ಮಾರಲು ಒದ್ದಾಡುತ್ತಾನೆ. ಹಾಡಿಲ್ಲ, ಫೈಟಿಲ್ಲ, ಬೈಗುಳ ಧಾರಾಳ. ಪ್ರಶಸ್ತಿ ಪಿಕ್ಚರ್ ಅಂದರೆ ಓಡಿಹೋಗುವವರೂ ಇದಕ್ಕೆ ಕೂರುತ್ತಾರೆ. ಅತ್ತೆ-ಮಾವನ ಜೊತೆ ಮಾತ್ರ ಬೇಡ.

ನೀವೂ ಪಿಕ್ಚರ್ ನೋಡಿ ಬಂದು ಎರಡು ಸಾಲು ಬರೆಯುವವರಾದರೆ ಒಂದು ಕೇಳಿಕೆ. ನಕ್ಷತ್ರ ಹಾಕುವುದಾದರೆ ಕೊನೆಗೆ ಹಾಕಿ. ಮೊದಲು ಯಾರ ಜೊತೆ ನೋಡಿದಿರಿ, ಎಲ್ಲಿ ಬೇಸರವಾಯಿತು, ಮಕ್ಕಳು ಎಲ್ಲಿ ಹೆದರಿದರು, ಮಾತು ಯಾವ ಸೀಮೆಯದು ಎಂದು ಬರೆಯಿರಿ. ಕಥೆ ಹೇಳಬೇಡಿ. ಹೀರೋ ಯಾರ ಕಡೆಯವನು ಎಂಬುದನ್ನಂತೂ ಮರೆತುಬಿಡಿ.

ಈ ಶನಿವಾರ ಮನೆಯಲ್ಲಿ ಒಬ್ಬರೇ ಇದ್ದರೆ ‘ತಿಥಿ’ ಹಾಕಿಕೊಳ್ಳಿ. ನೆಂಟರು ಬಂದಿದ್ದರೆ ‘ಸು ಫ್ರಮ್ ಸೋ’.